ಮೈಸೂರಿನ ಬಾಡಿಗೆ ಮನೆ ಬ್ರೋಕರ್: ತೋರಿಸೋದು ಮನೆ, ಸೋಸೋದು ಜನ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡು ಸ್ಟಾರ್. ಒಂದೇ ಕೊಡೋಣ ಅಂತಿದ್ದೆ. ಆದರೆ ಮನುಷ್ಯ ಕೆಲಸ ಗೊತ್ತಿರುವವರು, ಅದಕ್ಕೆ ಇನ್ನೊಂದು ಸೇರಿಸಿದ್ದೇನೆ.

ಸೇವೆ ಏನು ಅಂದರೆ ವಿಜಯನಗರ, ಬೋಗಾದಿ, ಗೋಕುಲಂ ಕಡೆ ಬಾಡಿಗೆ ಮತ್ತು ಭೋಗ್ಯದ ಮನೆ ಹುಡುಕಿಕೊಡುವುದು. ಹೆಸರು ಹಾಕುತ್ತಿಲ್ಲ. ಬೇಕೂ ಇಲ್ಲ, ಯಾಕೆಂದರೆ ಈ ಕಡೆ ಮನೆ ಹುಡುಕಿದ ನಮ್ಮವರನ್ನು ಯಾರನ್ನೇ ಕೇಳಿ, ಇದೇ ಕಥೆಯನ್ನು ಬೇರೆ ಬೇರೆ ಬ್ರೋಕರ್ ಹೆಸರಲ್ಲಿ ಹೇಳುತ್ತಾರೆ. ನಮ್ಮವರು ಅಂದರೆ ಮುಸ್ಲಿಮರು. ನಾನು ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆಯವಳು, ಲ್ಯಾಬ್ ಟೆಕ್ನಿಷಿಯನ್. ನಮ್ಮ ಯಜಮಾನರಿಗೆ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ. ಬೇಕಿದ್ದದ್ದು ಎರಡು ಬೆಡ್‌ರೂಮಿನ ಮನೆ, ಬಾಡಿಗೆ 15 ಸಾವಿರದ ಒಳಗೆ, ಅಡ್ವಾನ್ಸ್ 1 ಲಕ್ಷದವರೆಗೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಫೋನ್ ಎತ್ತುತ್ತಾರೆ. ಹೇಳಿದ ಹೊತ್ತಿಗೆ ಬರುತ್ತಾರೆ. ವಾಟ್ಸಾಪ್‌ನಲ್ಲಿ ಕಳಿಸುವ ಫೋಟೋಗೂ ಎದುರಿಗೆ ಕಾಣುವ ಮನೆಗೂ ತಾಳೆ ಆಗುತ್ತದೆ, ಇದು ಸಣ್ಣ ವಿಷಯ ಅಲ್ಲ ನೋಡಿ. ಯಾವ ಕ್ರಾಸಿನಲ್ಲಿ ಕಾವೇರಿ ನೀರು ಬರುತ್ತೆ, ಯಾವ ಮನೆಗೆ ಬೋರ್ ನೀರೇ ಗತಿ, ಯಾವ ಮನೆಯಲ್ಲಿ ಮಳೆಗಾಲಕ್ಕೆ ಗೋಡೆ ಒದ್ದೆಯಾಗುತ್ತೆ, ಎಲ್ಲಾ ಬಾಯಲ್ಲೇ ಇದೆ. ಒಂದು ಮನೆ ನಮಗೆ ಇಷ್ಟವಾದಾಗ "ಬೇಡ ಮೇಡಂ, ಮೇಲಿನ ಟ್ಯಾಂಕ್ ಸೋರುತ್ತೆ, ಆಮೇಲೆ ನನ್ನ ಬೈತೀರ" ಅಂತ ತಾವೇ ತಡೆದರು. ಅಂಥ ಬ್ರೋಕರ್ ಸಿಗುವುದು ಕಷ್ಟ. ಫೀಸು ಒಂದು ತಿಂಗಳ ಬಾಡಿಗೆ, ಜೊತೆಗೆ ಶುರುವಿನಲ್ಲೇ ರಿಜಿಸ್ಟ್ರೇಷನ್ ಅಂತ 1,000 ರೂಪಾಯಿ.

ಈಗ ಉಳಿದದ್ದು.

ಮೊದಲ ಸಲ ಫೋನ್ ಮಾಡಿದ್ದು ನಾನು. ನನ್ನ ಕನ್ನಡ ಮಂಡ್ಯದ ಕನ್ನಡ, ಅವರಿಗೆ ಅನುಮಾನವೇ ಬರಲಿಲ್ಲ. ಗಂಡ ಹೆಂಡತಿ, ಇಬ್ಬರಿಗೂ ಕೆಲಸ, ಒಂದು ಮಗು ಅಂದ ಕೂಡಲೇ "ಇಂಥ ಫ್ಯಾಮಿಲಿನೇ ಓನರ್‌ಗಳು ಕೇಳ್ತಾರೆ ಮೇಡಂ" ಅಂದು ಸಂಜೆಯೊಳಗೆ ಮನೆಗಳ ಫೋಟೋ ಸಾಲುಸಾಲಾಗಿ ಕಳಿಸಿದರು. ಮರುದಿನ ಯಜಮಾನರು ಮಾತಾಡಿ ಹೆಸರು ಹೇಳಿದರು. ಅಲ್ಲಿಯವರೆಗೆ "ಸರ್" ಆಗಿದ್ದವರು ಅದೇ ಫೋನಿನಲ್ಲಿ "ಭಾಯ್" ಆದರು! ಕಳಿಸಿದ್ದ ಮನೆಗಳಲ್ಲಿ ಎರಡು ಬಿಟ್ಟು ಉಳಿದದ್ದೆಲ್ಲ ರಾತ್ರೋರಾತ್ರಿ ಬುಕ್ ಆಗಿದ್ದವು. ಕಚೇರಿಗೆ ಹೋದಾಗ ನನ್ನನ್ನು ನೋಡಿ "ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರ ಮೇಡಂ" ಅಂತ ಹೊಗಳಿದರು. ಪಾಂಡವಪುರದಲ್ಲಿ ಹುಟ್ಟಿ ಬೆಳೆದವಳು ಮತ್ತಿನ್ನೇನು ಮಾತಾಡಲಿ? ಮನೆಯಲ್ಲಿ ಉರ್ದು, ಬೀದಿಯಲ್ಲಿ, ಸ್ಕೂಲಲ್ಲಿ, ಆಸ್ಪತ್ರೆಯಲ್ಲಿ ಕನ್ನಡ. ನಮ್ಮ ತಾತನ ಕಾಲದಿಂದಲೂ ಹಾಗೇ.

ಇಲ್ಲ ಅನ್ನುವುದನ್ನು ಅವರು ಎಂದೂ ನೇರವಾಗಿ ಹೇಳಲಿಲ್ಲ. "ತಪ್ಪು ತಿಳ್ಕೋಬೇಡಿ, ಓನರ್ ಸ್ವಲ್ಪ ಸಂಪ್ರದಾಯದವರು." "ದೇವರ ಮನೆ ಇದೆ ಮೇಡಂ, ನಿಮಗೆ ಸರಿಹೋಗಲ್ಲ." "ಅವರ ತಾಯಿಗೆ ವಯಸ್ಸಾಗಿದೆ." ವಯಸ್ಸಾದ ತಾಯಿಗೂ ನಮ್ಮ ಬಾಡಿಗೆಗೂ ಏನು ಸಂಬಂಧ ಅಂತ ಕೇಳಿದೆ, ನಕ್ಕು ಟೀ ತರಿಸಿದರು. ಟೀ ಚೆನ್ನಾಗಿತ್ತು.

ಜಾಸ್ತಿ ಓಡುವ ನೆಪ ಮಾತ್ರ ಒಂದೇ, "ವೆಜ್ ಓನ್ಲಿ". ಇದನ್ನು ನಾನು ಸುಮ್ಮನೆ ಒಪ್ಪುತ್ತಿದ್ದೆ. ಮಾಂಸದ ವಾಸನೆಯೇ ಆಗದವರು ಇರುತ್ತಾರೆ, ಅವರ ಮನೆ, ಅವರ ಇಷ್ಟ ಅಂತ ಒಂದು ಮಾತು. ಆದರೆ ವೆಜ್ ಓನ್ಲಿ ಅಂತ ನಮಗೆ ಇಲ್ಲವೆಂದ ಗೋಕುಲಂ ಮನೆಯನ್ನು ಹದಿನೈದು ದಿನದೊಳಗೆ ಯಜಮಾನರ ಫ್ಯಾಕ್ಟರಿಯವರೊಬ್ಬರಿಗೆ ಇದೇ ಬ್ರೋಕರ್ ಕೊಡಿಸಿದರು. ಅವರು ಮದ್ದೂರಿನವರು. ಭಾನುವಾರ ಮಟನ್ ಸಾರು ಮುದ್ದೆ ಇಲ್ಲದೆ ಅವರ ಮನೆಯಲ್ಲಿ ವಾರ ಮುಗಿಯುವುದಿಲ್ಲ. ಓನರ್‌ಗೆ ಗೊತ್ತಿದೆ, ಒಂದು ಸಲ ತಟ್ಟೆ ಕಳಿಸಿದ್ದರಂತೆ, ವಾಪಸ್ ಬಂದದ್ದು ಖಾಲಿ ತಟ್ಟೆ. ಒಳ್ಳೆಯದಾಯಿತು, ತಿನ್ನಲಿ. ನಮ್ಮ ಅಡುಗೆಮನೆಯಲ್ಲಿ ಬೇಯುವ ಮಟನ್ ಮಾತ್ರ ಬೇರೆ ಜಾತಿಯದೋ ಏನೋ.

ಹೆಸರಿನಿಂದ ಗೊತ್ತಾಗದಿದ್ದರೆ ಅದಕ್ಕೆ ಇನ್ನೊಂದು ಪ್ರಶ್ನೆ ಇಟ್ಟಿದ್ದಾರೆ: "ನಿಮ್ಮದು ಯಾವ ಜನ?" ಇದನ್ನು ಹಿಂದೂಗಳಿಗೆ ಕೇಳುತ್ತಾರೆ. ನಾವು ಕಚೇರಿಯಲ್ಲಿ ಕೂತಿರುವಾಗಲೇ ಒಬ್ಬ ಹುಡುಗನಿಗೆ ಕೇಳಿದರು. ಅವನು ತಲೆ ಎತ್ತಿ ಎಸ್‌ಸಿ ಅಂದ. ಪಟ್ಟಿಯ ಪುಟ ತಿರುಗಿತು, ಅಷ್ಟೇ. ಈಶಾನ್ಯ ರಾಜ್ಯಗಳಿಂದ ಓದಲು ಬಂದ ಹುಡುಗಿಯರಿಗೆ ಜನ ಯಾವುದು ಅಂತ ಕೇಳುವ ಕಷ್ಟವೂ ಇಲ್ಲ, ಮುಖ ನೋಡಿಯೇ ಆಗುತ್ತೆ.

ನಮಗೆ ಅವರು ಕೊಟ್ಟ ಪರಿಹಾರ ಏನು ಗೊತ್ತಾ? "ಉದಯಗಿರಿ, ರಾಜೀವನಗರ ಕಡೆ ನೋಡ್ತೀರಾ? ಅಲ್ಲಿ ನಿಮಗೆ ಅಡ್ಜಸ್ಟ್ ಆಗುತ್ತೆ." ಆ ಏರಿಯಾಗಳ ಬಗ್ಗೆ ನನಗೆ ಒಂದು ಮಾತೂ ಕೆಟ್ಟದ್ದಿಲ್ಲ. ಚಿಕ್ಕಮ್ಮ ಅಲ್ಲೇ ಇರುವುದು. ಆದರೆ ಹೆಬ್ಬಾಳದಲ್ಲಿ ಶಿಫ್ಟ್ ಕೆಲಸ ಮಾಡುವವರು ಊರಿನ ಆ ತುದಿಯಿಂದ ಈ ತುದಿಗೆ ರಾತ್ರಿ ಹೊತ್ತು ಬೈಕಿನಲ್ಲಿ ಓಡಾಡಬೇಕು. ಚಿಕ್ಕಮ್ಮ ಇನ್ನೊಂದು ವಿಷಯ ಹೇಳಿದರು. ಬೇರೆ ಕಡೆ ಸಿಗದವರೆಲ್ಲ ಅಲ್ಲಿಗೇ ಬರುವುದರಿಂದ ಸಣ್ಣ ಮನೆಗೂ ಬಾಯಿಗೆ ಬಂದ ಬಾಡಿಗೆ ಹೇಳುತ್ತಾರಂತೆ, ಹೇಳುವವರೂ ನಮ್ಮವರೇ. ಮುಸ್ಲಿಮರಿಗೆ ಬಾಡಿಗೆಗಾಗಲೀ ಕೊಳ್ಳುವುದಕ್ಕಾಗಲೀ ಮನೆ ಸಿಗುವುದು ಕಷ್ಟ, ಅದರಿಂದ ಒಂದೇ ಕಡೆ ಸೇರಿಕೊಳ್ಳುತ್ತಾರೆ ಅಂತ 2006ರಲ್ಲೇ, ಮುಸ್ಲಿಮರ ಸ್ಥಿತಿಗತಿ ನೋಡಲು ಕೇಂದ್ರ ಸರ್ಕಾರ ನೇಮಿಸಿದ್ದ ಸಾಚಾರ್ ಸಮಿತಿಯ ವರದಿಯಲ್ಲಿ ಬಂದಿತ್ತು. ಇಲ್ಲಿ ಅದನ್ನು ಉಲ್ಟಾ ಓದುತ್ತಾರೆ: "ಅವರು ಅವರ ಜನರ ಜೊತೆನೇ ಇರ್ತಾರೆ, ನಮ್ಮ ಜೊತೆ ಬೆರೆಯಲ್ಲ."

ಇದೆಲ್ಲ ನಡೆದದ್ದು 2025ರ ದಸರಾ ಹೊತ್ತಿನಲ್ಲಿ. ಲೇಖಕಿ ಬಾನು ಮುಷ್ತಾಕ್ ಅವರು ದಸರಾ ಉದ್ಘಾಟಿಸಬಾರದು ಅಂತ ಕೆಲವರು ಕೋರ್ಟಿಗೆ ಹೋಗಿದ್ದರು. ಹೈಕೋರ್ಟ್ ವಜಾ ಮಾಡಿತು, ಸುಪ್ರೀಂ ಕೋರ್ಟ್ ಕೂಡ ವಜಾ ಮಾಡಿತು, ಸೆಪ್ಟೆಂಬರ್ 22ರಂದು ಚಾಮುಂಡಿ ಬೆಟ್ಟದಲ್ಲಿ ಅವರೇ ಉದ್ಘಾಟನೆ ಮಾಡಿದರು. 2017ರಲ್ಲಿ ಕವಿ ನಿಸಾರ್ ಅಹಮದ್ ಅವರು ಮಾಡಿದ್ದರಲ್ಲ, ಆಗ ಇಷ್ಟು ಗಲಾಟೆ ನನಗೆ ನೆನಪಿಲ್ಲ. ನಮ್ಮ ಬ್ರೋಕರ್ ಟಿವಿ ನೋಡುತ್ತಾ "ನಮ್ಮ ಮೈಸೂರಲ್ಲಿ ಭೇದಭಾವನೇ ಇಲ್ಲ ಮೇಡಂ" ಅಂದರು. ವ್ಯಂಗ್ಯ ಅಲ್ಲ, ಮನಸಾರೆ ಹೇಳಿದ್ದು. ಮಿರ್ಜಾ ಇಸ್ಮಾಯಿಲ್ ಅವರನ್ನು 1926ರಿಂದ 1941ರವರೆಗೆ ದಿವಾನರನ್ನಾಗಿ ಕಂಡ ಊರು ಇದು. ರಸ್ತೆಗೆ ಆ ಹೆಸರು ಇದೆ. ಮನೆ ಕೇಳಿದರೆ ಅಗ್ರಿಮೆಂಟಿನಲ್ಲಿ ಆ ಹೆಸರು ಬರೆಸಲು ಆಗುವುದಿಲ್ಲ.

ನನ್ನ ತಂಗಿ ಲಾ ಓದುತ್ತಾಳೆ. ಕೇಸ್ ಹಾಕೋಣ ಅಂತ ಕುಣಿದಳು. ಆಮೇಲೆ ಪುಸ್ತಕ ತೆಗೆದು ತಾನೇ ತಣ್ಣಗಾದಳು. ಜಾತಿಯ ವಿಷಯದಲ್ಲಿ ಒಂದಷ್ಟು ಹಿಡಿತ ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ವಾಸಕ್ಕೆ ಅಡ್ಡಿ ಮಾಡುವುದು ಅಪರಾಧ. ಆವತ್ತಿನ ಹುಡುಗನಿಗೆ ಅದು ಗೊತ್ತಿದ್ದರೆ ಚೆನ್ನಾಗಿತ್ತು. ಧರ್ಮದ ಕಾರಣಕ್ಕೆ ಮನೆ ಇಲ್ಲ ಅಂದರೆ ಓನರ್ ಮೇಲೆ ಹಾಗೆ ನೇರವಾಗಿ ಬೀಳುವ ಕಾನೂನು ಇಲ್ಲ. ಧರ್ಮ, ಜಾತಿ ಅಂತ ಭೇದ ಮಾಡಬಾರದು ಅನ್ನುವ ಸಂವಿಧಾನದ 15(1)ನೇ ವಿಧಿ ಕಟ್ಟಿಹಾಕುವುದು ಸರ್ಕಾರವನ್ನು. 2005ರಲ್ಲಿ ಅಹಮದಾಬಾದಿನ ಒಂದು ಪಾರ್ಸಿ ಹೌಸಿಂಗ್ ಸೊಸೈಟಿ ಕೇಸಿನಲ್ಲಿ, ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಅನ್ನುವ ಬೈಲಾವನ್ನು ಸುಪ್ರೀಂ ಕೋರ್ಟೇ ಎತ್ತಿಹಿಡಿಯಿತು. ಅಲ್ಲಿ ಬಾಗಿಲು ಹಾಕಿಕೊಂಡದ್ದು ಒಂದು ಅಲ್ಪಸಂಖ್ಯಾತ ಸಮುದಾಯ, ಆದರೆ ಆ ಬೀಗ ಎಲ್ಲರ ಕೈಗೂ ಸಿಕ್ಕಿತು ಅನ್ನುವುದು ತಂಗಿಯ ಸಿಟ್ಟು.

ಬ್ರೋಕರ್ ಬಗ್ಗೆ ಅವಳ ವಾದವೇ ಬೇರೆ. 15(2)ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಹೋಗಲು ಧರ್ಮ, ಜಾತಿ ನೋಡಿ ಯಾರನ್ನೂ ತಡೆಯಬಾರದು ಅನ್ನುತ್ತೆ, ಅದು ಖಾಸಗಿಯವರಿಗೂ ಅನ್ವಯಿಸುತ್ತದೆ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ಬಂದಾಗ, ಹಣ ಪಡೆದು ಬಂದವರಿಗೆಲ್ಲ ಸೇವೆ ಕೊಡಲು ಕೂತ ಯಾರೇ ಆದರೂ ಇದರೊಳಗೆ ಬರುತ್ತಾರೆ ಅನ್ನುವ ಅರ್ಥದಲ್ಲಿ ಅಂಬೇಡ್ಕರ್ ವಿವರಿಸಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದೇ ವಿಧಿಯನ್ನು ಖಾಸಗಿ ಕಾಲೇಜಿಗೂ ಹಚ್ಚಿತು. ಹಾಗಿದ್ದ ಮೇಲೆ ಶಟರ್ ಎತ್ತಿ, ಬೋರ್ಡ್ ಹಾಕಿ, ನನ್ನಿಂದ 1,000 ರೂಪಾಯಿ ರಿಜಿಸ್ಟ್ರೇಷನ್ ತಗೊಂಡು, ಪಕ್ಕದಲ್ಲಿ ಕೂತವರಿಗೆ ತೋರಿಸುವ ಪಟ್ಟಿಯನ್ನು ನನಗೆ ತೋರಿಸದವರು ಯಾವ ಲೆಕ್ಕದಲ್ಲಿ ಹೊರಗೆ? ಅವಳು ಓದು ಮುಗಿಸಲಿ, ನೋಡೋಣ.

ಇಷ್ಟು ದಿನವೂ ನಾನು ಓನರ್‌ಗಳನ್ನೇ ಬೈಯುತ್ತಿದ್ದೆ. ಬ್ರೋಕರ್ ಪಾಪ ನಡುವೆ ಸಿಕ್ಕವರು, ಹೇಳಿದ್ದನ್ನು ಬಂದು ಹೇಳುತ್ತಾರೆ ಅಂತ. ಬೋಗಾದಿಯಲ್ಲಿ ಒಂದು ಗೇಟಿಗೆ ಟು-ಲೆಟ್ ಬೋರ್ಡ್ ನೇತಾಡುತ್ತಿತ್ತು. ಬೆಲ್ ಮಾಡಿದೆವು. ಅರವತ್ತು ದಾಟಿದ ಅಮ್ಮ ಬಂದರು. ಹೆಸರು ಕೇಳಿದರು, ಹೇಳಿದೆವು. ಎಲ್ಲಿಯವರು ಅಂದರು. ಪಾಂಡವಪುರ ಅಂದ ಕೂಡಲೇ "ನಮ್ಮಕ್ಕನ್ನ ಚಿನಕುರಳಿಗೆ ಕೊಟ್ಟಿರೋದು ಕಣಮ್ಮ, ಒಳಗೆ ಬಾ" ಅಂತ ಕರೆದು ಮನೆ ಪೂರ್ತಿ ತೋರಿಸಿದರು. ಮನೆ ನೋಡುತ್ತಿದ್ದಂತೆ ನನಗೆ ಅನುಮಾನ. ಇದೇ ಕಿಟಕಿ, ಇದೇ ಹಸಿರು ಟೈಲ್ಸ್, ಬ್ರೋಕರ್ ಮೊದಲ ದಿನ ಕಳಿಸಿದ ಫೋಟೋದಲ್ಲಿತ್ತು! ರಾತ್ರೋರಾತ್ರಿ ಬುಕ್ ಆದ ಮನೆಗಳಲ್ಲಿ ಇದೂ ಒಂದು.

ಕೇಳಿದೆ. "ನಾನು ಯಾರಿಗೂ ಬೇಡ ಅಂದಿಲ್ಲಮ್ಮ. ಬ್ಯಾಚುಲರ್ ಬೇಡ ಅಂದಿದ್ದೆ ಅಷ್ಟೇ. ಯಾರೂ ಕೇಳ್ತಾನೇ ಇಲ್ಲ ಅಂತ ಆ ವಯ್ಯ ಹೇಳ್ತಿದ್ದ, ಅದಕ್ಕೇ ನಾನೇ ಬೋರ್ಡ್ ಬರೆಸಿ ಹಾಕಿದೆ" ಅಂದರು. ಅವರ ಮನೆ ಖಾಲಿ ಬಿದ್ದು ಬಾಡಿಗೆ ಹೋಯಿತು. ನಾವು ಮನೆ ಇಲ್ಲದೆ ಓಡಾಡಿದೆವು. ಓನರ್ ಹಾಕದ ಷರತ್ತನ್ನು ಬ್ರೋಕರ್ ತಾವೇ ಊಹಿಸಿ, ಓನರ್ ಹೆಸರಲ್ಲಿ ನಮಗೆ ಹೇಳಿದ್ದರು. ಎಷ್ಟು ಮನೆಗಳಿಗೆ ಹೀಗೆ ಆಗಿದೆಯೋ, ಆ ವಯಸ್ಸಾದ ತಾಯಿ ನಿಜಕ್ಕೂ ಇದ್ದರೋ ಇಲ್ಲವೋ. ನಿಜವಾಗಿ ಬೇಡ ಅನ್ನುವ ಓನರ್‌ಗಳು ಬೇಕಾದಷ್ಟಿದ್ದಾರೆ, ಅದು ನನಗೆ ಗೊತ್ತು. ಆದರೆ ಬೇಡ ಅನ್ನದವರ ಬಾಗಿಲಿಗೂ ನಮ್ಮನ್ನು ಬಿಡದೆ ಸೋಸುವುದೇ ಇವರ ದೊಡ್ಡ ಸೇವೆ ಅನ್ನುವುದು ಆವತ್ತು ಅರ್ಥವಾಯಿತು. ಓನರ್‌ಗೆ ತಲೆನೋವು ಬಾರದಂತೆ ನೋಡಿಕೊಂಡರೆ ಮುಂದಿನ ಮನೆಯೂ ಇವರಿಗೇ ಬರುತ್ತೆ, ಅಲ್ವಾ?

ಆ ಮನೆಗೇ ಅಡ್ವಾನ್ಸ್ ಕೊಟ್ಟೆವು. ವಿಷಯ ಅದು ಹೇಗೋ ತಿಳಿದು ಬ್ರೋಕರ್ ಬಂದರು. ಮನೆ ತಮ್ಮ ಪಟ್ಟಿಯದ್ದು, ಆದ್ದರಿಂದ ಅರ್ಧ ತಿಂಗಳ ಬಾಡಿಗೆ ಕಮಿಷನ್ ಕೊಡಬೇಕಂತೆ. "ನಾನು ಹೇಳಿರಲಿಲ್ವಾ ಮೇಡಂ, ಸಿಕ್ಕೇ ಸಿಗುತ್ತೆ ಅಂತ" ಅಂತ ನಗುತ್ತಲೇ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಓನರ್ ಅಮ್ಮ ಶುರುಮಾಡಿದರು. ಅವರಾಡಿದ್ದನ್ನು ಇಲ್ಲಿ ಬರೆಯಲು ಆಗುವುದಿಲ್ಲ. ಕಮಿಷನ್ ಮಾತು ಅಲ್ಲಿಗೇ ನಿಂತಿತು. 11 ತಿಂಗಳ ಅಗ್ರಿಮೆಂಟನ್ನು ನಾವೇ ಈ-ಸ್ಟಾಂಪ್ ತೆಗೆದು ಟೈಪ್ ಮಾಡಿಸಿದೆವು.

ಇವರ ಹತ್ತಿರ ಹೋಗುವವರಿಗೆ: ರಿಜಿಸ್ಟ್ರೇಷನ್ ಅಂತ ಮುಂಗಡ ಕೊಡಬೇಡಿ. ಮನೆ ಇಷ್ಟವಾದರೆ ಓನರ್ ಜೊತೆ ನಿಮ್ಮ ಎದುರಿಗೇ ಸ್ಪೀಕರ್ ಹಾಕಿ ಮಾತಾಡಿಸಿ, ಇಲ್ಲ ಅನ್ನುವುದಿದ್ದರೆ ಓನರ್ ಬಾಯಲ್ಲೇ ಬರಲಿ. ಬುಕ್ ಆಯಿತು ಅಂದ ಮನೆಯ ಬೀದಿಯಲ್ಲಿ ಒಂದು ಸಲ ನೀವೇ ಹೋಗಿಬನ್ನಿ. ಓನರ್‌ಗಳಿಗೆ: ನಿಮ್ಮ ಹೆಸರಲ್ಲಿ ಯಾರ್‍ಯಾರಿಗೆ ಏನೇನು ಹೇಳುತ್ತಿದ್ದಾರೆ ಅಂತ ಒಮ್ಮೆ ವಿಚಾರಿಸಿ, ಮನೆ ತಿಂಗಳುಗಟ್ಟಲೆ ಖಾಲಿ ಇದ್ದರಂತೂ ವಿಚಾರಿಸಲೇಬೇಕು.

ನೀರು, ಗೋಡೆ, ಟ್ಯಾಂಕಿನ ವಿಷಯದಲ್ಲಿ ಅವರ ಮಾತನ್ನು ಕಣ್ಣು ಮುಚ್ಚಿ ನಂಬಬಹುದು. 1,000 ರೂಪಾಯಿ ವಾಪಸ್ ಕೇಳಿದ್ದೇನೆ, ಸೋಮವಾರ ಬನ್ನಿ ಅಂದಿದ್ದಾರೆ. ಯಾವ ಸೋಮವಾರ ಅಂತ ಹೇಳಿಲ್ಲ.