ಹಂಪನಕಟ್ಟೆಯ ಹಳೆ ಪುಸ್ತಕದಂಗಡಿ: ಕಮೂ, ಸಾರ್ತ್ರ್ ಹುಡುಕುವವರಿಗೆ

ಮಂಗಳೂರಿನ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕ್ ಕಡೆಗೆ ಇಳಿಯುವಾಗ ಒಂದು ಹಳೆ ಕಟ್ಟಡದ ಮಾಳಿಗೆಯಲ್ಲಿ ಈ ಅಂಗಡಿ ಉಂಟು. ಎದುರಿಗೆ ಕಾಣುವುದು ಪಿಯುಸಿ ಗೈಡುಗಳು. ಅಸ್ತಿತ್ವವಾದದ, ಅಂದರೆ ಮನುಷ್ಯ ತನ್ನ ಬದುಕಿಗೆ ತಾನೇ ಅರ್ಥ ಕಟ್ಟಿಕೊಳ್ಳಬೇಕೆನ್ನುವ ಚಿಂತನೆಯ, ಹಳೆಯ ಇಂಗ್ಲಿಷ್ ಅನುವಾದಗಳು ಬೇಕಾದವರು ನೇರ ಹಿಂದಿನ ಕೋಣೆಗೆ ಹೋಗಬೇಕು. ನಿವೃತ್ತ ಲೆಕ್ಚರರುಗಳ ಮನೆಯಿಂದ, ಕಾಲೇಜು ಲೈಬ್ರರಿಗಳಿಂದ ಬಂದ ಪ್ರತಿಗಳು ಅಲ್ಲಿ ಎರಡು ಕಪಾಟು ತುಂಬ ಇವೆ. ನವ್ಯದ ಕಾಲದಲ್ಲಿ ನಮ್ಮವರು ಫ್ರೆಂಚ್ ಲೇಖಕರಾದ ಕಮೂ, ಸಾರ್ತ್ರರನ್ನು ಬಹುಪಾಲು ಇಂಗ್ಲಿಷಿನಲ್ಲೇ ಓದಿದ್ದಲ್ಲವೇ, ಇವು ಆ ಓದಿನ ಪ್ರತಿಗಳು.

ಸಂಗ್ರಹ ಒಳ್ಳೆಯದು, ಬೆಲೆಯೂ ನ್ಯಾಯದ್ದು. ಆದರೆ 'ಫಸ್ಟ್ ಎಡಿಶನ್' ಎಂದು ಅಂಟಿಸಿದ ಚೀಟಿ ನಂಬಿ ದುಡ್ಡು ಕೊಡಬೇಡಿ. ಶೀರ್ಷಿಕೆ ಪುಟದ ಹಿಂಬದಿ ಓದಿ. ಕಮೂನ ಕಾದಂಬರಿ 'ಲೆತ್ರಾಂಜೆ' (1942) ಸ್ಟುವರ್ಟ್ ಗಿಲ್ಬರ್ಟ್ ಅನುವಾದದಲ್ಲಿ 1946ರಲ್ಲಿ ಎರಡು ಹೆಸರಲ್ಲಿ ಬಂತು: ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್ 'ದಿ ಔಟ್‌ಸೈಡರ್' ಎಂದರು, ನ್ಯೂಯಾರ್ಕಿನ ಕ್ನಾಫ್ 'ದಿ ಸ್ಟ್ರೇಂಜರ್' ಎಂದರು. ಸಿರಿಲ್ ಕಾನಲಿಯ ಮುನ್ನುಡಿ ಇರುವುದು ಲಂಡನ್ ಪ್ರತಿಯಲ್ಲಿ. 1946ರ ಕೆಳಗೆ ಮರುಮುದ್ರಣದ ವರ್ಷಗಳಿದ್ದರೆ ಅದು ಮೊದಲ ಮುದ್ರಣವಲ್ಲ, ಅಷ್ಟೇ.

ಜಾಕೆಟ್ಟನ್ನು, ಅಂದರೆ ರಟ್ಟಿನ ಮೇಲಿನ ಕಾಗದದ ಹೊದಿಕೆಯನ್ನು, ಬೇರೆಯಾಗಿಯೇ ಪರೀಕ್ಷಿಸಬೇಕು. ಹರಿದ ಜಾಕೆಟ್ ತೆಗೆದು ನಂತರದ ಮುದ್ರಣದ ಒಳ್ಳೆಯ ಜಾಕೆಟ್ ತೊಡಿಸುವುದು ಹಳೆ ಪುಸ್ತಕದ ವ್ಯಾಪಾರದಲ್ಲಿ ಮಾಮೂಲು. ಹಿಂಬದಿಯಲ್ಲಿ, ಒಳಮಡಿಕೆಯಲ್ಲಿ ಲೇಖಕನ ಬೇರೆ ಪುಸ್ತಕಗಳ ಪಟ್ಟಿ ಉಂಟೋ ನೋಡಿ. ಕಮೂನ 'ದಿ ಪ್ಲೇಗ್' ಇಂಗ್ಲಿಷಿಗೆ ಬಂದದ್ದು 1948ರಲ್ಲಿ, 'ದಿ ರೆಬೆಲ್' 1953ರಲ್ಲಿ. ಆ ಹೆಸರುಗಳು ಅಚ್ಚಾಗಿರುವ ಜಾಕೆಟ್ 1946ರದ್ದಾಗಲು ಸಾಧ್ಯವೇ ಇಲ್ಲ. ಒಳಮಡಿಕೆಯಲ್ಲಿ ಬೆಲೆ ಅಚ್ಚಾಗಿರುವ ಮೂಲೆ ಕತ್ತರಿಸಿದ್ದರೆ ಸಂಗ್ರಾಹಕರಿಗೆ ಮೌಲ್ಯ ಕಡಿಮೆ. ಚೌಕಾಸಿಗೆ ಅದೇ ಜಾಗ.

ಸಾರ್ತ್ರನ 'ಬೀಯಿಂಗ್ ಆ್ಯಂಡ್ ನಥಿಂಗ್‌ನೆಸ್' ಹೇಜಲ್ ಬಾರ್ನ್ಸ್ ಅನುವಾದ: ನ್ಯೂಯಾರ್ಕಿನ ಫಿಲಸಾಫಿಕಲ್ ಲೈಬ್ರರಿ 1956, ಲಂಡನ್ನಿನ ಮೆಥುಯೆನ್ 1957. ಸಿಟಡೆಲ್ ಪ್ರೆಸ್ಸಿನ ಪೇಪರ್‌ಬ್ಯಾಕ್ ಸಂಕ್ಷಿಪ್ತ ಆವೃತ್ತಿ, ಅದನ್ನು ಪೂರ್ಣವೆಂದು ತಿಳಿದು ಕೊಂಡರೆ ನಷ್ಟ. ಫ್ರೆಂಚ್ ಲೇಖಕಿ ಸಿಮೋನ್ ದ ಬೋವಾಳ 'ದಿ ಸೆಕೆಂಡ್ ಸೆಕ್ಸ್' ಪಾರ್ಶ್ಲಿ ಅನುವಾದ (1953) ಸಂಗ್ರಹಕ್ಕೆ ಬೇಕೇ ಬೇಕು. ಆದರೆ ಅದರಲ್ಲಿ ಮೂಲದ ಗಣನೀಯ ಭಾಗ ಕೈಬಿಟ್ಟಿದೆ, ಓದುವುದಕ್ಕೆ 2009ರ ಪೂರ್ಣ ಅನುವಾದವನ್ನೂ ಇಟ್ಟುಕೊಳ್ಳಿ.

ಇನ್ನು ನಮ್ಮ ಊರಿನ ದೊಡ್ಡ ಶತ್ರು ತೇವ. ಪುಸ್ತಕವನ್ನು ನಡುವೆ ಬಿಡಿಸಿ, ಹೊಲಿಗೆಯ ಬುಡವನ್ನು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ, ಅಥವಾ ಬೆನ್ನಿನ ಬಟ್ಟೆಯ ಮೇಲೆ ಹಿಟ್ಟು ಉದುರಿದ ಹಾಗೆ ಬಿಳಿ ಬೂಷ್ಟು ಕಂಡರೆ ಬಿಟ್ಟುಬಿಡಿ. ಒಂದು ಪುಸ್ತಕ ಇಡೀ ಕಪಾಟು ಹಾಳುಮಾಡುತ್ತದೆ. ಅಂಚಿನಿಂದ ಒಳಕ್ಕೆ ಸಮನಾಗಿ ಕಂದಿದ ಪುಟಕ್ಕೆ ಮಾತ್ರ ಹೆದರಬೇಕಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೂ ಕೆಲವು ವರ್ಷ ಬ್ರಿಟನ್ನಿನಲ್ಲಿ ಕಾಗದಕ್ಕೆ ರೇಷನ್ ಇತ್ತು, ಆ ಕಾಲದ ತೆಳು ಕಾಗದ ಹಾಗೆಯೇ ಕಂದುತ್ತದೆ.

ಮನೆಗೆ ತಂದದ್ದನ್ನು ಬಿಸಿಲಿಗೆ ಹಾಕಬೇಡಿ, ರಟ್ಟು ಬಾಗುತ್ತದೆ, ಬೆನ್ನಿನ ಬಣ್ಣ ಹೋಗುತ್ತದೆ. ಹುಳದ ಸಂಶಯವಿದ್ದರೆ ಜಿಪ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತಣ್ಣಗಿನ ಪುಟದ ಮೇಲೆ ನೀರು ಕೂರುತ್ತದೆ. ಇದರಿಂದ ಹುಳ ಸಾಯುತ್ತದೆ, ಬೂಷ್ಟು ಸಾಯುವುದಿಲ್ಲ. ಮಳೆಗಾಲಕ್ಕೆ ಹತ್ತು ಹನ್ನೆರಡು ಪುಸ್ತಕದ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ 200 ಗ್ರಾಂ, ಒಳಗೊಂದು ಸಣ್ಣ ತೇವಮಾಪಕ. ಮುಳ್ಳು ಶೇಕಡಾ 45ರಿಂದ 55ರ ನಡುವೆ ಇರಲಿ. ತೀರಾ ಒಣಗಿದರೂ ಕಾಗದ ಮುರಿಯುತ್ತದೆ.

ಅಂಗಡಿಯ ಬಗ್ಗೆ ದೂರು ಎರಡು. ಹರಿದ ಜಾಕೆಟ್ಟುಗಳಿಗೆ ಸೆಲ್ಲೊಟೇಪ್ ಹಚ್ಚುತ್ತಾರೆ. ಅದರ ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ, ಆಮೇಲೆ ತೆಗೆಯುವುದು ದೊಡ್ಡ ಕಷ್ಟ. ಎರಡನೆಯದು, ಕಪಾಟಿನ ಕೆಳಗಿನ ಸಾಲಿನ ಪುಸ್ತಕಗಳು ನೆಲಕ್ಕೆ ತಾಗಿಕೊಂಡೇ ಇವೆ. ಜೂನ್ ಕಳೆದ ಮೇಲೆ ಆ ಸಾಲಿನಿಂದ ಏನೂ ಕೊಳ್ಳಬೇಡಿ. ಹೋಗಲು ಒಳ್ಳೆಯ ಸಮಯ ಜನವರಿಯಿಂದ ಮಾರ್ಚ್. ಲೈಬ್ರರಿ ಮೊಹರು ಇರುವ ಪ್ರತಿಯಲ್ಲಿ ರದ್ದುಪಡಿಸಿದ ಗುರುತೂ ಇರಬೇಕು, ಇಲ್ಲದಿದ್ದರೆ ಎಲ್ಲಿಂದ ಬಂತು ಎಂದು ಕೇಳಿ.

ಒಳ್ಳೆಯ ಗುಣ ಏನೆಂದರೆ, ಮೇಜಿನ ಮೇಲಿಟ್ಟು ಎಷ್ಟು ಹೊತ್ತು ನೋಡಿದರೂ ಅವಸರ ಮಾಡುವುದಿಲ್ಲ. ಬೆಲೆಯ ಚೀಟಿ ಬೇಡ, ಒಳಪುಟದಲ್ಲಿ ಪೆನ್ಸಿಲಿನಿಂದ ಬರೆಯಿರಿ ಎಂದು ಹೇಳಿದರೆ ಹಾಗೆಯೇ ಬರೆದು ಕೊಡುತ್ತಾರೆ.