ಹಳೆಯ ಡೀಸೆಲ್ ಟ್ಯಾಂಕಿನ ಪ್ಲಗ್ ಬಿಡಿಸಲು ಬೆಂಕಿ ಬೇಡವೇ ಬೇಡ

ಬದಿಯಡ್ಕ ಕಡೆಯ ಒಂದು ಅಡಿಕೆ ತೋಟದಲ್ಲಿ ಹಳೆಯ ಪಂಪ್‌ಸೆಟ್ಟಿನ ಡೀಸೆಲ್ ಟ್ಯಾಂಕು ಸಿಡಿದು ಕೆಲಸದವರೊಬ್ಬರ ಎರಡೂ ಮುಂಗೈ ಸುಟ್ಟುಹೋಗಿದೆ. ಟ್ಯಾಂಕು ಖಾಲಿಯಾಗಿ ಎರಡು ವರ್ಷವಾಗಿತ್ತು. ಮಡ್ಡಿ ಹೊರಬಿಡಲು ಅಡಿಯಲ್ಲಿರುವ ತಿರುಪಿನ ಬಿರಡೆ, ಅಂದರೆ ಡ್ರೈನ್ ಪ್ಲಗ್, ತುಕ್ಕು ಹಿಡಿದು ಕೂತಿತ್ತು, ಸ್ಪ್ಯಾನರಿಗೆ ಬಗ್ಗಲಿಲ್ಲ. ಗ್ಯಾಸ್ ಟಾರ್ಚ್ ಹಿಡಿದು ಒಂದು ನಿಮಿಷವೂ ಆಗಿರಲಿಲ್ಲ, ಅಡಿಯ ಬೆಸುಗೆ ಉದ್ದಕ್ಕೂ ಬಿರಿಯಿತು. "ಖಾಲಿ ಟ್ಯಾಂಕಲ್ವಾ, ಏನಾಗ್ತದೆ?" ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ತುಂಬಿದ ಟ್ಯಾಂಕಿಗೂ ಬೆಂಕಿ ತಾಗಿಸಬಾರದು. ಆದರೆ ಸಿಡಿಯುವುದು ಹೆಚ್ಚಾಗಿ ಖಾಲಿಯದ್ದೇ. ತುಕ್ಕಿನ ಪದರದಡಿ, ಬೆಸುಗೆಯ ಸಂದಿಯಲ್ಲಿ ಡೀಸೆಲ್ ಮಡ್ಡಿ ಉಳಿದಿರುತ್ತದೆ. ನಮ್ಮಲ್ಲಿ ಮಾರುವ ಡೀಸೆಲ್ ಕಿಡಿ ತಾಗಿದರೆ ಹೊತ್ತುವಷ್ಟು ಆವಿ ಬಿಡುವ ಉಷ್ಣತೆಗೆ ಮಾನದಂಡ ಇಟ್ಟಿರುವ ಕನಿಷ್ಠ ಮಿತಿ ಬರೀ 35 ಡಿಗ್ರಿ. ಟಾರ್ಚಿನ ಶಾಖಕ್ಕೆ ತಗಡು ಕಾದರೆ ಮಡ್ಡಿ ಆವಿಯಾಗಿ ಒಳಗಿನ ಗಾಳಿಯ ಜೊತೆ ಬೆರೆಯುತ್ತದೆ. ಪೆಟ್ರೋಲ್ ಇದ್ದ ಟ್ಯಾಂಕಿಗೆ ಬಿಸಿಯೂ ಬೇಡ, ಕಿಡಿ ಸಾಕು. ಹಿಂದೆ ಕೀಟನಾಶಕ ಇದ್ದ ಡ್ರಮ್ಮಾದರೆ ಬಿಡಿಸುವ ಗೋಜಿಗೇ ಹೋಗಬೇಡಿ. ಎಂಡೋಸಲ್ಫಾನ್ ಕೀಟನಾಶಕದ ವಿಷ ಕಂಡ ನಮ್ಮ ಕಾಸರಗೋಡಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಕಿಯಿಲ್ಲದೆ ಬಿಡಿಸಲು ಎರಡು ಮೂರು ದಿನದ ತಾಳ್ಮೆ ಬೇಕು. ಟ್ಯಾಂಕನ್ನು ಕಳಚಿ, ಪ್ಲಗ್ ಮೇಲೆ ಬರುವಂತೆ ಮಗುಚಿಡಿ. ಅಡಿಮುಖವಾಗಿದ್ದರೆ ಹಾಕಿದ ಎಣ್ಣೆಯೆಲ್ಲ ನೆಲಕ್ಕೇ. ಸುತ್ತಲಿನ ಪೇಂಟು, ತುಕ್ಕನ್ನು ಹಿತ್ತಾಳೆಯ ತಂತಿ ಬ್ರಷ್ಷಿನಲ್ಲಿ ಉಜ್ಜಿ ಪಿರಿಯ ಅಂಚು ಕಾಣುವಂತೆ ಮಾಡಿ. ಆಮೇಲೆ ಪ್ಲಗ್ಗಿನ ಸುತ್ತ ಜೇಡಿಮಣ್ಣಿನಿಂದ ಬೆರಳು ದಪ್ಪದ ಕಟ್ಟೆ ಕಟ್ಟಿ, ಒಳಗೆ ರಸ್ಟೋಲೀನ್ ಅಥವಾ ಡಬ್ಲ್ಯೂಡಿ-40ಯಂಥ ತುಕ್ಕು ಬಿಡಿಸುವ ಎಣ್ಣೆ ನಿಲ್ಲಿಸಿ. ಚಿಮಿಣಿ ಎಣ್ಣೆಯೂ ಇಳಿಯುತ್ತದೆ, ಆದರೆ ನಿಧಾನ. ಬೆಳಿಗ್ಗೆ, ಸಂಜೆ ಎಣ್ಣೆ ತುಂಬುವಾಗ ಪ್ಲಗ್ಗಿನ ತಲೆಯ ಮೇಲೆ ಹಿತ್ತಾಳೆಯ ತುಂಡು ಇಟ್ಟು ಸಣ್ಣ ಸುತ್ತಿಗೆಯಿಂದ ಹತ್ತು ಹದಿನೈದು ಬಾರಿ ನೇರವಾಗಿ ತಟ್ಟಿ. ಆ ಅದುರಿಗೆ ತುಕ್ಕು ಬಿರಿದು ಎಣ್ಣೆ ಕೆಳಗಿಳಿಯುತ್ತದೆ. ಏಟು ತಗಡಿಗೆ ಬೀಳಬಾರದು.

ತಿರುಗಿಸುವಾಗ ಅಳತೆಗೆ ಸರಿಯಾದ ರಿಂಗ್ ಸ್ಪ್ಯಾನರ್ ಬೇಕು. ಅಡ್ಜಸ್ಟೆಬಲ್ ಸ್ಪ್ಯಾನರ್ ಜಾರಿ ಮೂಲೆ ಸವೆಸಿಬಿಡುತ್ತದೆ. ಪ್ಲಗ್ ಕೂರುವ ದಪ್ಪ ಬಳೆಯನ್ನು ತೆಳು ತಗಡಿಗೆ ಬೆಸೆದಿರುವುದಷ್ಟೇ, ಅದನ್ನು ಪೈಪ್ ರೆಂಚಿನಲ್ಲಿ ಹಿಡಿಯದೆ ಬಲ ಹಾಕಿದರೆ ಬಳೆಯೇ ಕಿತ್ತು ಬರುತ್ತದೆ. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ನಂತರ ಎಡಕ್ಕೆ ತಿರುಗಿಸಿ. ಕಾಲು ಸುತ್ತು ಅಲುಗಿದರೆ ನಿಲ್ಲಿಸಿ, ಎಣ್ಣೆ ಬಿಟ್ಟು ಮತ್ತೆ ಹಿಂದೆ ಮುಂದೆ ಆಡಿಸಿ. ಒಂದೇ ಉಸಿರಿಗೆ ಎಳೆದರೆ ಪಿರಿ ಹರಿಯುತ್ತದೆ.

ಬಿಸಿ ಬೇಕೇ ಬೇಕೆಂದರೆ ಟ್ಯಾಂಕಿಗೆ ಡೀಸೆಲ್ ತುಂಬುವ ಬಾಯಿಯ ಮುಚ್ಚಳ ತೆಗೆದು, ಹತ್ತಿರ ಬೀಡಿ, ಒಲೆ ಏನೂ ಇಲ್ಲದ ಬಯಲಿನಲ್ಲಿ, ಬೇರೆ ಕಡೆ ಕುದಿಸಿ ತಂದ ನೀರನ್ನು ಬಳೆಯ ಮೇಲೆ ಹೊಯ್ಯಿರಿ. ಪೆಟ್ರೋಲ್ ಟ್ಯಾಂಕಿಗೆ ಇದೂ ಬೇಡ. ಕಬ್ಬಿಣದ ಪ್ಲಗ್ಗಾದರೆ ಬಿಸಿಯಿರುವಾಗಲೇ ತಿರುಗಿಸಿ. ಹಿತ್ತಾಳೆಯದ್ದಾದರೆ ಆರಿದ ಮೇಲೆ: ಹಿತ್ತಾಳೆ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುವುದರಿಂದ ಬಿಸಿಯಲ್ಲಿ ಇನ್ನೂ ಬಿಗಿಯಾಗುತ್ತದೆ.

ಇಷ್ಟಾದರೂ ಜಗ್ಗದಿದ್ದರೆ ಪ್ಲಗ್ಗನ್ನು ಹಾಗೇ ಬಿಟ್ಟು, ಮಡ್ಡಿಯನ್ನು ಮೇಲಿನ ಬಾಯಿಯಿಂದ ಕೈಪಂಪಿನಲ್ಲಿ ಎಳೆದು ತೆಗೆಯಿರಿ. ಪ್ಲಗ್ ಬಿಚ್ಚಿ ಬಂದರೆ ಹೊಸ ವಾಷರ್ ಹಾಕಿ, ಪಿರಿಗೆ ಗ್ರೀಸ್ ಸವರಿ ಕೂರಿಸಿ.