ಆರು ವರ್ಷ ಬಳಸಿದ ಬೀಟಾ-ಗ್ಯಾಲಕ್ಟೋಸಿಡೇಸ್: ಮೆಗ್ನೀಸಿಯಮ್ ಮರೆಯಬಾರದು

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುವ ಈ ಕಿಣ್ವವನ್ನು, ಈ. ಕೋಲೈ ಬ್ಯಾಕ್ಟೀರಿಯಾದಿಂದ ಶುದ್ಧೀಕರಿಸಿದ ಒಣ ಪುಡಿಯ ರೂಪದಲ್ಲಿ, ನಾನು ಆರು ವರ್ಷಗಳಿಂದ ಬಳಸುತ್ತಿದ್ದೇನೆ. ಮಾದರಿಗಳಲ್ಲಿ ಈ ಕಿಣ್ವ ಎಷ್ಟು ತಯಾರಾಗಿದೆ ಎಂಬುದರಿಂದ ಜೀನ್‌ಗಳ ಚಟುವಟಿಕೆಯನ್ನು ಅಳೆಯುವುದು ನನ್ನ ಕೆಲಸ. ಪ್ರತಿ ಪ್ರಯೋಗದಲ್ಲೂ ಮಾದರಿಗಳ ಪಕ್ಕದಲ್ಲಿ ಇದನ್ನು ಹೋಲಿಕೆಯ ಮಾನಕವಾಗಿ ಇಡುತ್ತೇನೆ.

ಲ್ಯಾಕ್ಟೋಸ್ ಒಡೆದದ್ದು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದೇ ಕಿಣ್ವಕ್ಕೆ ಲ್ಯಾಕ್ಟೋಸಿನ ಬದಲು ಓಎನ್‌ಪಿಜಿ ಎಂಬ ಬಣ್ಣವಿಲ್ಲದ ರಾಸಾಯನಿಕವನ್ನು ಕೊಟ್ಟರೆ ಹಳದಿ ನೈಟ್ರೋಫೀನಾಲ್ ಬಿಡುಗಡೆಯಾಗುತ್ತದೆ, ಅದನ್ನು 420 ನ್ಯಾನೋಮೀಟರ್ ತರಂಗಾಂತರದಲ್ಲಿ ಅಳೆಯಬಹುದು. ಕೊನೆಯಲ್ಲಿ ಹಾಕುವ ಸೋಡಿಯಂ ಕಾರ್ಬೊನೇಟ್ ದ್ರಾವಣವನ್ನು ಕ್ಷಾರೀಯಗೊಳಿಸಿ ಕ್ರಿಯೆಯನ್ನು ನಿಲ್ಲಿಸುವುದರ ಜೊತೆಗೆ ಹಳದಿಯನ್ನೂ ಗಾಢವಾಗಿಸುತ್ತದೆ. ಇಷ್ಟು ಅಚ್ಚುಕಟ್ಟಾದ ವಿಧಾನ ನನ್ನ ಕೆಲಸದಲ್ಲಿ ಇನ್ನೊಂದಿಲ್ಲ. 1961ರಲ್ಲಿ ಫ್ರೆಂಚ್ ವಿಜ್ಞಾನಿಗಳಾದ ಜಾಕೋಬ್ ಮತ್ತು ಮೊನೊ ಜೀನ್ ನಿಯಂತ್ರಣದ ಓಪೆರಾನ್ (ಒಟ್ಟಿಗೆ ನಿಯಂತ್ರಿಸಲ್ಪಡುವ ಜೀನ್‌ಗಳ ಗುಂಪು) ಮಾದರಿಯನ್ನು ಮಂಡಿಸಿದ್ದು ಇದೇ ಕಿಣ್ವದ ಅಧ್ಯಯನದ ಬಲದಿಂದ ಎಂಬುದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ಮೂರನೆಯ ವರ್ಷದಲ್ಲಿ ಎರಡು ವಾರಗಳ ಕಾಲ ಮಾನಕದ ಅಳತೆಗಳೇ ಕುಸಿದವು. ಪುಡಿ ಕೆಟ್ಟಿದೆ ಎಂದು ನಾನು ದೂರಿದ್ದೆ. ಕಾರಣ ನನ್ನ ಬಫರ್‌ನಲ್ಲಿತ್ತು, ಅಂದರೆ ಪಿಎಚ್ (ಆಮ್ಲ-ಕ್ಷಾರ ಮಟ್ಟ) ಸ್ಥಿರವಾಗಿಡುವ ದ್ರಾವಣದಲ್ಲಿ. ಬೇರೊಂದು ಕೆಲಸಕ್ಕಾಗಿ ಸೇರಿಸಿದ್ದ ಈಡಿಟಿಎ ಎಂಬ ರಾಸಾಯನಿಕ, ಕಿಣ್ವಕ್ಕೆ ಅಗತ್ಯವಾದ ಮೆಗ್ನೀಸಿಯಮ್ ಅಯಾನುಗಳನ್ನು ಹಿಡಿದಿಟ್ಟಿತ್ತು. ಈಡಿಟಿಎ ಇಲ್ಲದ ಬಫರ್ ಮಾಡಿ, ಅದಕ್ಕೆ ಮೆಗ್ನೀಸಿಯಮ್ ಕ್ಲೋರೈಡ್ ಹಾಕಿದ ಮೇಲೆ ಅಳತೆಗಳು ಮೊದಲಿನಂತಾದವು.

ಶೇಖರಣೆಯಲ್ಲಿ ಪುಡಿ ಗಟ್ಟಿ, ದ್ರಾವಣ ನಾಜೂಕು. ಕರಗಿಸಿದ್ದನ್ನು ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದಷ್ಟೂ ಅದರ ಸಾಮರ್ಥ್ಯ ಇಳಿದಿದ್ದರಿಂದ, ಈಗ ಒಂದು ದಿನಕ್ಕೆ ಸಾಕಾಗುವಷ್ಟನ್ನೇ ಚಿಕ್ಕ ಕೊಳವೆಗಳಲ್ಲಿ ಹಂಚಿಡುತ್ತೇನೆ.

ಹೊಸಬರು ಒಂದು ವಿಷಯ ತಿಳಿದಿರಬೇಕು: ಈ ಕಿಣ್ವ ಒಡೆದಾಗ ನೀಲಿಯಾಗುವ ಎಕ್ಸ್-ಗ್ಯಾಲ್ ಎಂಬ ರಾಸಾಯನಿಕವನ್ನು ಹಾಕಿ ನೀಲಿ ಮತ್ತು ಬಿಳಿ ಕಾಲೊನಿಗಳನ್ನು ಬೇರ್ಪಡಿಸುವ ಕೆಲಸಕ್ಕೆ ಈ ಪುಡಿ ಬೇಕಿಲ್ಲ, ಅಲ್ಲಿ ಬ್ಯಾಕ್ಟೀರಿಯಾವೇ ಕಿಣ್ವವನ್ನು ತಯಾರಿಸುತ್ತದೆ. ವಯಸ್ಸಾದ ಕೋಶಗಳನ್ನು ಗುರುತಿಸಲು ಪಿಎಚ್ 6ರಲ್ಲಿ ಮಾಡುವ ನೀಲಿ ಪರೀಕ್ಷೆಯಲ್ಲೂ ಕೋಶದೊಳಗಿನ ಜೀರ್ಣಕಾರಿ ಚೀಲವಾದ ಲೈಸೋಸೋಮಿನ ಸ್ವಂತ ಕಿಣ್ವವೇ ಕೆಲಸ ಮಾಡುತ್ತದೆ. ನನ್ನಂತೆ ನಿಖರವಾದ ಮಾನಕ ಬೇಕಿರುವವರು ಕೊಳ್ಳಬಹುದು. ಆದರೆ ಹೊಸ ಬ್ಯಾಚ್ ಬಂದಾಗ ಸೀಸೆಯ ಮೇಲೆ ಬರೆದ ಸಾಮರ್ಥ್ಯದ ಯೂನಿಟ್‌ಗಳನ್ನೇ ನೆಚ್ಚದೆ, ಹಳೆಯ ಬ್ಯಾಚಿನೊಂದಿಗೆ ಒಂದೇ ದಿನ, ಒಂದೇ ಬಫರ್‌ನಲ್ಲಿ ಅಳೆದು ನೋಡಿಕೊಳ್ಳಿ.